ಬೇಟೆಯ ಬಿಡಾರಕ್ಕೆ ಕೊಂಡ ಬೂಟು

ಊರಿನ ಶಾಲೆಯಲ್ಲಿ ಹಲವು ವರ್ಷ ಕನ್ನಡ ಕಲಿಸಿದ ಮೇಲೆ, ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಹರೈನಿಗೆ ಗುಮಾಸ್ತನಾಗಿ ಬಂದೆ. ನನ್ನ ತಂಗಿಯ ಗಂಡನನ್ನೂ ನಾನೇ ಕರೆಸಿಕೊಂಡೆ. ಅವನು ಅದ್ಲಿಯಾ ಬಡಾವಣೆಯ ಒಂದು ಅರಬ್ಬರ ಮನೆಯಲ್ಲಿ ಅಡಿಗೆಯವನಾದ. ಅವನನ್ನು ಕ್ಷೇಮವಾಗಿ ಹಿಂದಕ್ಕೆ ಕಳುಹಿಸುವ ಹೊಣೆ ನನ್ನದೆಂದು ತಂಗಿಗೆ ಬರೆದುಕೊಟ್ಟಿದ್ದೆ.

ಒಂದು ಚಳಿಗಾಲದ ಕೊನೆಯಲ್ಲಿ ಅವನ ಯಜಮಾನರು ಗಿಡುಗಗಳೊಡನೆ ಬೇಟೆಗೆಂದು ದ್ವೀಪದ ದಕ್ಷಿಣದ ಮರಳುಗಾಡಿಗೆ ಹೊರಟರು. ಇವನೂ ಹೋಗಬೇಕಾಗಿತ್ತು. ಬೆಳಿಗ್ಗೆ ಬೇಟೆಗಾರರ ಹಿಂದೆ ನಡೆದು ಗಿಡುಗ ಕೆಡವಿದ ಮೊಲವನ್ನು ಹೊತ್ತು ತರುವುದು, ಬಳಿಕ ಡೇರೆಯಲ್ಲಿ ಅಡಿಗೆ ಮಾಡುವುದು ಅವನ ಕೆಲಸ. ಅವನ ಬಳಿ ಇದ್ದುದು ಒಂದು ಜೊತೆ ರಬ್ಬರ್ ಚಪ್ಪಲಿ. ಅಲ್ಲಿ ಮುಳ್ಳು, ಚೂಪುಗಲ್ಲು, ಹಾವು, ಚೇಳು ಎಲ್ಲವೂ ಇದ್ದವು.

ಬೂಟನ್ನು ಆರಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ನಡೆದು ದಣಿದ ಪಾದ ಸಂಜೆಗೆ ಕೊಂಚ ಊದುತ್ತದೆ. ಆದುದರಿಂದ ಸಂಜೆಯೇ ಬುಸೈತೀನಿನ ನನ್ನ ಕೋಣೆಯಲ್ಲಿ ಅವನನ್ನು ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ಬಲಪಾದ ತುಸು ದೊಡ್ಡದಿತ್ತು. ಅದನ್ನೇ ಪ್ರಮಾಣವಾಗಿ ಹಿಡಿದೆ. ಕಾಲಿನ ಹರಡು ಮುಚ್ಚುವಷ್ಟು ಎತ್ತರ, ಮುಳ್ಳು ತೂರದಷ್ಟು ದಪ್ಪನೆಯ ಅಟ್ಟೆ, ಹೆಬ್ಬೆರಳಿನ ಮುಂದೆ ಅರ್ಧ ಅಂಗುಲ ಜಾಗ ಇರಬೇಕೆಂದು ಬರೆದುಕೊಂಡೆ.

ಮನಾಮಾದ ಪೇಟೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿಯೊಬ್ಬರ ಅಂಗಡಿಯಿತ್ತು. ಅವನನ್ನು ಅಲ್ಲಿಗೆ ಕರೆದೊಯ್ದು, ಗಿಡುಗಬೇಟೆಯ ಬಿಡಾರಕ್ಕೆ ಅಡಿಗೆಗೆಂದು ಹೊರಟವನೆಂದು ಹೇಳಿದೆ. ಅವರು ತೋರಿಸಿದವುಗಳಲ್ಲಿ, ಒಂಬತ್ತು ಜೊತೆ ತೂತುಗಳಲ್ಲಿ ಲೇಸು ಪೋಣಿಸಿ ಕಟ್ಟುವ ಎತ್ತರದ ಬೂಟನ್ನು ಆರಿಸಿ, ದಪ್ಪ ಕಾಲುಚೀಲ ಹಾಕಿಸಿ, ತುದಿಯನ್ನು ಒತ್ತಿ ನೋಡಿದೆ. ನನ್ನ ಎಲ್ಲ ನಿಯಮಗಳಿಗೂ ಅದು ಒಪ್ಪುತ್ತಿತ್ತು. ಅಂಗಡಿಯವರು ಮಾತ್ರ ಅದನ್ನು ಕಟ್ಟಿಕೊಡದೆ ನಿಂತರು.

"ಮಾಷ್ಟ್ರೇ, ಬೂಟು ಗಟ್ಟಿ ಉಂಟು. ಆದ್ರೆ ಇವರು ದಿನಕ್ಕೆ ಎಷ್ಟು ಸಲ ಇದನ್ನು ಬಿಚ್ಚುದು?"

ಬೇಟೆಗೆ ಹೋದವರು ಬೂಟು ಬಿಚ್ಚುವುದಿಲ್ಲವೆಂದೆ.

"ಬೇಟೆ ಮಾಡುದು ಗಿಡುಗ ಅಲ್ವಾ? ಇವರು ಅಡಿಗೆಯವರು."

ನಾನು ಅದನ್ನು ವ್ಯಾಪಾರಿಯ ಹಾಸ್ಯವೆಂದು ತಳ್ಳಿಹಾಕಿದೆ. ಭಾವಮೈದುನ ತಲೆ ತಗ್ಗಿಸಿ ಲೇಸು ನೋಡುತ್ತಿದ್ದ. ಅವನನ್ನು ಕೇಳದೆಯೇ ನಾನು ಹಣ ಕೊಟ್ಟೆ.

ಚಪ್ಪಲಿ, ಬೂಟು ಮೆಟ್ಟಿದ ಕಾಲಿನಲ್ಲಿ ಒಲೆಯ ಬಳಿ ಹೋಗುವ ರೂಢಿ ನಮ್ಮಲ್ಲಿಲ್ಲ. ಅದು ಅರಬ್ಬರ ಡೇರೆಯಾದರೂ, ಬೇಯುತ್ತಿದ್ದುದು ಮೊಲದ ಮಾಂಸವಾದರೂ ಅವನ ಪಾಲಿಗೆ ಒಲೆ ಒಲೆಯೇ. ಅವನು ಅಡಿಗೆಯ ಡೇರೆಯ ಹೊರಗೆ ಬೂಟು ಬಿಚ್ಚಿ ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದ. ಹದಿನೆಂಟು ತೂತುಗಳ ಲೇಸನ್ನು ಪ್ರತಿ ಸಲವೂ ಕಟ್ಟಲಾರದೆ, ಅದನ್ನು ಸಡಿಲಿಸಿ, ಬೂಟಿನ ಬಾಯನ್ನು ಅಗಲವಾಗಿ ತೆರೆದೇ ಇಡುತ್ತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನರು ಕರೆದರೆಂದು ಅವಸರದಿಂದ ಬಲಗಾಲನ್ನು ಅದರೊಳಗೆ ತೂರಿಸಿದ. ಒಳಗೆ ಚೇಳು ಕುಳಿತಿತ್ತು.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನಾನು ಅವನನ್ನು ನೋಡಿದಾಗ ಮೈಯೆಲ್ಲ ಬೆವರಿ, ತೊಡೆಯವರೆಗೆ ಕಾಲು ಸೆಟೆದಿತ್ತು. ಎರಡು ದಿನ ವೈದ್ಯರು ಭರವಸೆಯ ಮಾತಾಡಲಿಲ್ಲ. ತಂಗಿಗೆ ಬರೆಯಬೇಕಾದ ಪತ್ರವನ್ನು ಮನಸ್ಸಿನಲ್ಲಿ ಎಷ್ಟೋ ಸಲ ಆರಂಭಿಸಿದೆ. ಒಂದು ವಾಕ್ಯವೂ ಮುಗಿಯಲಿಲ್ಲ. ಮೂರನೆಯ ದಿನ ಅವನು ಗಂಜಿ ಕುಡಿದ. ಒಲೆಯ ಮುಂದೆ ಬೂಟು ಬಿಚ್ಚುವ ಸಂಗತಿಯನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ.

"ನೀವು ಅಷ್ಟು ಅಳತೆ ಮಾಡಿ ತೆಗೆದದ್ದಲ್ವಾ ಭಾವ," ಎಂದ. "ಬೇಡ ಅಂತ ಹೇಗೆ ಹೇಳುದು?"

ತಿಂಗಳ ಬಳಿಕ ಅವನು ಮತ್ತೆ ಬಿಡಾರಕ್ಕೆ ಹೊರಟಾಗ, ಅದೇ ಅಂಗಡಿಗೆ ಹೋದೆವು. ಈ ಸಲ ನಾನು ಬಾಗಿಲ ಬಳಿ ನಿಂತೆ. ಅವನು ಪಕ್ಕದಲ್ಲಿ ಎಲಾಸ್ಟಿಕ್ ಇದ್ದ, ಲೇಸಿಲ್ಲದ ಬೂಟನ್ನು ತೆಗೆದುಕೊಂಡು, ಹಾಕಿ ಬಿಚ್ಚಿ, ಬಿಚ್ಚಿ ಹಾಕಿ ನೋಡಿದ. ಡೇರೆಯ ಕಂಬಕ್ಕೆ ಬೂಟನ್ನು ತಲೆಕೆಳಗಾಗಿ ತೂಗುಹಾಕಲು ಒಂದು ಹುರಿಯನ್ನೂ ಕೇಳಿ ಪಡೆದ. ಕೊನೆಗೆ ಅವನು ನನ್ನನ್ನು ಕರೆದ.

"ಭಾವ, ತುದಿ ಒಮ್ಮೆ ಒತ್ತಿ ನೋಡಿ. ಚೇಳು ಕಚ್ಚಿದ ಹೆಬ್ಬೆರಳಿಗೆ ಇನ್ನೂ ಸ್ಪರ್ಶ ಬರ್ಲಿಲ್ಲ. ತಾಗ್ತದಾ ಇಲ್ವಾ ಅಂತ ನನಗೆ ಗೊತ್ತಾಗುದಿಲ್ಲ."

ನಾನು ಅವನ ಮುಂದೆ ಮಂಡಿಯೂರಿ ಕುಳಿತು ಒತ್ತಿದೆ. ಅರ್ಧ ಅಂಗುಲ ಜಾಗವಿತ್ತು.