ಇಲ್ಲದ ಉಸ್ತಾದರು

ಆಗ ನಾನು ವಾರಪತ್ರಿಕೆಯೊಂದರಲ್ಲಿದ್ದೆ. ಹೈದರಾಬಾದಿನಲ್ಲಿ ಗಿಟಾರು ಹಿಡಿದು ಪಾಪ್ ಹಾಡಿ ಹೆಸರಾಗಿದ್ದ ಹುಡುಗಿಯ ಮನೆತನದ ಬಗ್ಗೆ ಬರೆಯಲು ಜಹೀರಾಬಾದಿಗೆ ಹೋದೆ.

"ಆಕೆಗೆ ಹಾಡು ಕಲಿಸಿದವರು ಯಾರ್ರಿ?" ಎಂದೆ.

ಶಾಲಾ ಮಾಸ್ತರರಾಗಿದ್ದ ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡರು. "ಬೀದರದ ಉಸ್ತಾದರ ಹತ್ರ ಐದು ವರ್ಷ ಕಲ್ತಾಳ್ರಿ. ಬರ್ಕೊಳ್ರಿ."

ಚಹಾ ತಂದ ತಾಯಿಗೆ ನಗು ತಡೆಯಲಾಗಲಿಲ್ಲ. "ಎಲ್ಲಿ ಉಸ್ತಾದ್ರಿ? ಮದಿವ್ಯಾಗ ನಾ ಬೀಗರಿಗೆ ಹಾಡಿನಾಗೇ ಬೈತಿದ್ದೆ, ಆಕಿ ಮಗ್ಗಲಾಗ ನಿಂತು ದನಿ ಕೂಡಸ್ತಿದ್ಲು."

ಒಂದು ಹಾಡಿ ಎಂದೆ. ನನ್ನನ್ನೇ ಬೀಗನನ್ನಾಗಿ ಮಾಡಿ, ನನ್ನ ಬೋಳುತಲೆ, ನಾನು ಸೊರ್ರೆಂದು ಚಹಾ ಹೀರುವುದು ಎಲ್ಲ ಸೇರಿಸಿ ಹಾಡಿದರು. ಇಡೀ ಹೈದರಾಬಾದು ಮಗಳ ಕ್ಯಾಸೆಟ್ ಹಚ್ಚಿ ಕುಣಿಯುತ್ತಿದ್ದದ್ದು ಅದೇ ಧಾಟಿಗೆ.

"ಅದು ಬರೀಬ್ಯಾಡ್ರಿ, ಮರ್ಯಾದಿ ಹೋಗ್ತದ," ಅಪ್ಪ ಕೈಮುಗಿದರು. ತಾಯಿ ನಗು ನಿಲ್ಲಿಸಿ, ಕಪ್ಪು ಎತ್ತಿಕೊಂಡು ಒಳಗೆ ಹೋದರು.

ನಾನು ಉಸ್ತಾದರನ್ನೇ ಬರೆದೆ. ಲೇಖನ ಅಚ್ಚಾದ ವಾರವೇ ಹಾಡುಗಾರ್ತಿಯಿಂದ ಕಾರ್ಡು ಬಂತು: "ಆ ಉಸ್ತಾದರ ವಿಳಾಸ ಕಳಸ್ರಿ. ಅವ್ವನ್ನ ಕರ್ಕೊಂಡು ಹೋಗಿ ಭೇಟಿ ಮಾಡಸ್ತೀನಿ."

ಎಲ್ಲರ ಬಗ್ಗೆಯೂ ಪುಟಗಟ್ಟಲೆ ಬರೆದವನು ನಾನು. ಆ ಕಾರ್ಡಿಗೆ ಮಾತ್ರ ಇವತ್ತಿನವರೆಗೆ ಎರಡು ಸಾಲು ಹೊಳೆದಿಲ್ಲ.