ಗೂಗಲ್‌ನಿಂದ ಬಸ್ಸಿನಲ್ಲಿ ಬಂದವರು

ಬೆಳಿಗ್ಗೆ ಚಹಾ ಕುಡಿದು ಮುಗಿಸಿದಾಗ ಕಪ್ಪಿನ ತಳದಲ್ಲಿ ಪುಡಿ ನಿಂತಿತ್ತು. ಹೆಂಡತಿ ಜರಡಿಯನ್ನು ಬೆಳಕಿಗೆ ಹಿಡಿದು, "ಇದನ್ನ ಬೀಸಾಕ್ರಿ ಇನ್ನ. ಚಾಪುಡಿ ಏನು, ಜ್ವಾಳ ಸೈತ ಇಳಿತದ ಇದರಾಗ," ಅಂದಳು. ಬಿಸಾಡಲು ಕೈ ಬರಲಿಲ್ಲ. ದೊಡ್ಡ ಕಣ್ಣಿನ ಆ ಸ್ಟೀಲಿನ ಜರಡಿ ಆಪಾ ಕೊಟ್ಟದ್ದು. ಕೊಟ್ಟದ್ದೋ, ನಾನೇ ಆಫೀಸಿನಿಂದ ಎತ್ತಿಕೊಂಡು ಬಂದದ್ದೋ… ಖಾತ್ರಿಯಿಲ್ಲ. ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಆದ್ದರಿಂದ ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ರಾಯಚೂರಿನಲ್ಲಿ ಪಂಪ್‌ಸೆಟ್ ಮಾರಿ ರಿಪೇರಿಯನ್ನೂ ಮಾಡಿಕೊಡುವ ಒಂದು ಕಂಪನಿಯ ಆಫೀಸಿನಲ್ಲಿ ಆಪಾ, ನಾನು ಇಬ್ಬರೂ ಕೆಲಸಕ್ಕಿದ್ದೆವು. ಎಲ್ಲೆಲ್ಲಿ ಎಷ್ಟು ಪಂಪು ಕೆಟ್ಟಿವೆ ಎಂದು ಬೆಂಗಳೂರಿನ ಹೆಡ್ ಆಫೀಸಿಗೆ ಕಂಪ್ಯೂಟರಿನಲ್ಲೇ ತೋರಿಸುವ ರಿಪೋರ್ಟು ನಮ್ಮ ಪಾಲಿನ ಕೆಲಸ. ಅವರು ನನಗಿಂತ ಹಿರಿಯರು, ಮಾನ್ವಿಯವರು. ಮನೆಯವರದು ಬಟ್ಟೆ ವ್ಯಾಪಾರ, ಮನೆಯ ಮಾತು ದಖನಿ ಉರ್ದು. ಇಡೀ ಆಫೀಸು ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿತ್ತು. ಅವರು ನನ್ನನ್ನು "ತಮ್ಮಾ" ಅನ್ನುತ್ತಿದ್ದರು, ಸಿಟ್ಟು ಬಂದಾಗ "ಎಂ.ಎ. ಸಾಹೇಬ್ರ" ಅನ್ನುತ್ತಿದ್ದರು. ಎರಡನೆಯದೇ ಹೆಚ್ಚು ಕೇಳಿದ ನೆನಪು.

ಒಂದು ವರ್ಷ ಹೆಡ್ ಆಫೀಸಿನವರು ನಮ್ಮ ಎರಡು ರಿಪೇರಿ ವ್ಯಾನುಗಳಲ್ಲಿ ಒಂದನ್ನು ಕಡಿಮೆ ಮಾಡುತ್ತೇವೆ ಎಂದರು. ಒಂದು ಮಾನ್ವಿಯದು, ಇನ್ನೊಂದು ದೇವದುರ್ಗದ್ದು. ಯಾವ ತಾಲ್ಲೂಕಿನಲ್ಲಿ ದೂರು ಕಡಿಮೆಯೋ ಆ ವ್ಯಾನು ಹೋಗಬೇಕು. ಆಪಾ ದೇವದುರ್ಗದ ವ್ಯಾನಿನ ಪರ ನಿಂತರು. ಅದಕ್ಕೆ ಕಾರಣ ಗೂಗಲ್.

ಗೂಗಲ್ ಅಂದರೆ ದೇವದುರ್ಗ ತಾಲ್ಲೂಕಿನ, ಕೃಷ್ಣಾ ದಂಡೆಯ ಊರು. ನಾವೆಲ್ಲ ಫೋನಿನಲ್ಲಿ ದಿನವೂ ಹುಡುಕಾಡುವ ಆ ಇನ್ನೊಂದಲ್ಲ. ಒಮ್ಮೆ ಆಪಾ ವ್ಯಾನಿನಲ್ಲಿ ಅಲ್ಲಿಗೆ ಹೋಗಿದ್ದಾಗ ಒಬ್ಬ ಮುದುಕಿ ರೊಟ್ಟಿ ಉಣಿಸಿ, "ಯವ್ವಾ, ನಮ್ಮ ಮೋಟಾರ್ ಕೆಟ್ಟಾಗ ನಿಮ್ಮ ಗಾಡಿ ಬರ್ಲಿಲ್ಲಂದ್ರ ನಾ ನಿಮ್ಮ ಆಫೀಸಿಗೇ ಬಂದು ಕುಂದ್ರಾಕಿ ನೋಡು," ಎಂದಿದ್ದಳಂತೆ. "ಆ ಮುದುಕಿ ಖರೇನ ಬರ್ತಾಳ ತಮ್ಮಾ, ಮೋಟಾರ್ ಹೊತ್ಕೊಂಡು ಬರ್ತಾಳ," ಎಂದು ಆಪಾ ಭಯಪಡುತ್ತಿದ್ದರು. ಅದು ಭಯವೋ ಅಕ್ಕರೆಯೋ ನನಗೆ ಆಗ ತಿಳಿಯಲಿಲ್ಲ.

ನಮ್ಮ ರಿಪೋರ್ಟಿನ ತಲೆಯ ಮೇಲೆ ಬೇಕಾದ್ದನ್ನಷ್ಟೇ ಸೋಸಿ ತೋರಿಸುವ ಎರಡು ಫಿಲ್ಟರ್‌ಗಳಿದ್ದವು: ತಾಲ್ಲೂಕು, ಊರು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಮಾನ್ವಿ ಆರಿಸಿದರೂ ಊರಿನ ಪಟ್ಟಿಯಲ್ಲಿ ಇಡೀ ಜಿಲ್ಲೆಯೇ ಕೂತಿರುತ್ತಿತ್ತು. ಮಾನ್ವಿ ಒತ್ತಿ ಗೂಗಲ್ ಒತ್ತಿದರೆ ದೊಡ್ಡದೊಂದು ಸೊನ್ನೆ. "ಅತ್ತಿ ಸೊಸಿ ಇದ್ದಂಗ ಇವು. ಒಂದ ಮನ್ಯಾಗ ಇದ್ದು ಮಾತ ಆಡಂಗಿಲ್ಲ," ಎಂದರು ಆಪಾ. ಮರುದಿನ ಮನೆಯಿಂದ ಎರಡು ಜರಡಿ ತಂದರು, ಒಂದು ದೊಡ್ಡ ಕಣ್ಣಿನದು, ಒಂದು ಸಣ್ಣ ಕಣ್ಣಿನದು.

"ನೋಡ್ರಿ ಎಂ.ಎ. ಸಾಹೇಬ್ರ. ಮ್ಯಾಲಿನ ಛನ್ನಿ ತಾಲ್ಲೂಕು, ಕೆಳಗಿನ ಛನ್ನಿ ಊರು. ಮ್ಯಾಲಿಂದು ಬಿಟ್ಟಿದ್ದಷ್ಟ ಕೆಳಗಿಂದಕ್ಕ ಬರಬೇಕು."

ಒಂದರ ಮೇಲೊಂದಿಟ್ಟು ಚಹಾ ಸುರಿದರು. ಎರಡೂ ಜಾರಿ, ಇಡೀ ರಾಯಚೂರು ಜಿಲ್ಲೆ ನನ್ನ ಕೀಬೋರ್ಡಿನ ಮೇಲೆ ಹರಿಯಿತು. ಅಂದಿನಿಂದ ಅದರ ಒಂದೊಂದು ಕೀಲಿ ಒತ್ತಿದರೆ ಅದೇ ಅಕ್ಷರ ಸಾಲುಗಟ್ಟಿ ಬೀಳುತ್ತಿತ್ತು. ಪಾಠ ಮಾತ್ರ ಸರಿಯಾಗಿಯೇ ಇತ್ತು. ದೊಡ್ಡ ಕಣ್ಣಿನದರ ಅಂಚಿನೊಳಗೆ ಸಣ್ಣ ಕಣ್ಣಿನದು ಕೂರುವಂತೆ ಹಿಡಿದರೆ ಜಾರುವುದಿಲ್ಲ ಎಂದು ಆಮೇಲೆ ಕಂಡುಕೊಂಡೆವು. ಬರಬರುತ್ತಾ ಆಫೀಸಿನ ಚಹಾ ಹಾಗೆಯೇ ಸೋಸುವುದು ರೂಢಿಯಾಯಿತು.

ನಾನು ಜಾಣತನ ತೋರಿಸಲು ಹೋಗಿ, ಊರು ಆರಿಸಿದರೂ ತಾಲ್ಲೂಕು ಬದಲಾಗಲಿ ಎಂದು ಜೋಡಿಸಿದೆ. ಆಗ ಊರು ತಾಲ್ಲೂಕಿಗೆ ಕಾಯಿತು, ತಾಲ್ಲೂಕು ಊರಿಗೆ ಕಾಯಿತು, ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. ಆಪಾ ಸ್ವಲ್ಪ ಹೊತ್ತು ನೋಡಿ, "ಬೀಗ್ರಿಬ್ರು 'ನೀವ್ ಮೊದ್ಲ ಕುಂದ್ರಿ, ನೀವ್ ಮೊದ್ಲ ಕುಂದ್ರಿ' ಅಂತ ನಿಂತಾರ. ಊಟ ಆರಾಕತ್ತದ," ಎಂದರು. ಕೊನೆಗೆ ಅವರದೇ ತೀರ್ಮಾನ: ತಾಲ್ಲೂಕು ಹೇಳಬೇಕು, ಊರು ಕೇಳಬೇಕು. ತಾಲ್ಲೂಕು ಬದಲಾದ ಕೂಡಲೇ ಹಳೆಯ ಊರು ತಾನೇ ಜಾಗ ಖಾಲಿ ಮಾಡಬೇಕು. ದೂರು ಬರೆಯುವಾಗ ಊರೊಂದನ್ನೇ ಬರೆದರೆ ಸಾಕು, ಅದು ಯಾವ ತಾಲ್ಲೂಕಿಗೆ ಸೇರಿದ್ದೆಂದು ಕಂಪ್ಯೂಟರೇ ತುಂಬಿಕೊಳ್ಳುವ ಹಾಗೂ ಮಾಡಿದೆವು.

ಸಭೆಯ ದಿನ ಬಂತು. ಬೆಂಗಳೂರಿನ ಸಾಹೇಬರು ಪರದೆಯ ಮೇಲೆ ಕಾಣಿಸಿಕೊಂಡು ದೇವದುರ್ಗ ಆರಿಸಿದರು. ಊರುಗಳು ಶಿಸ್ತಾಗಿ ಇಳಿದವು. ಆಪಾ ನನ್ನ ಮೊಣಕೈ ತಿವಿದರು.

"ತಮ್ಮಾ, ಗೂಗಲ್ ಎಲ್ಲಿ ಹೋತು?"

ಪಟ್ಟಿಯಲ್ಲಿ ಗೂಗಲ್ ಇರಲೇ ಇಲ್ಲ. ಅದರ ದೂರುಗಳೂ ಇರಲಿಲ್ಲ. ದೇವದುರ್ಗದ ಲೆಕ್ಕ ಮಾನ್ವಿಗಿಂತ ಕೆಳಗೆ ಕುಸಿದಿತ್ತು. "ಸೋ, ದೇವದುರ್ಗದ ವ್ಯಾನ್ ತೆಗೀಬಹುದು," ಎಂದರು ಸಾಹೇಬರು.

"ಸರ್, ಗೂಗಲ್ ಕಾಣವಲ್ದರೀ," ಎಂದರು ಆಪಾ.

"ಓ, ಅದಾ? ಊರಿನ ಕಾಲಮ್ಮಿನಲ್ಲಿ ತಪ್ಪಾಗಿ ಬಂದಿತ್ತು ಮೇಡಂ. ನಮ್ಮೋರು ಕ್ಲೀನ್ ಮಾಡಿದ್ರು. 'ನಮ್ಮ ಬಗ್ಗೆ ಹೇಗೆ ತಿಳಿಯಿತು' ಅನ್ನೋ ಕಾಲಮ್ಮಿಗೆ ಹಾಕಿದೀವಿ. ಗೂಗಲ್‌ನಿಂದ ನಮಗೆ ತುಂಬಾ ಜನ ಬರ್ತಿದಾರೆ. ಜಾಹೀರಾತಿನೋರು ಫುಲ್ ಖುಷಿ!"

"ಬರ್ತಾರ್ರೀ ಸರ್. ಬಸ್ಸಿನ್ಯಾಗ ಬರ್ತಾರ."

ಪರದೆಯ ಮೇಲೆ ಸಾಹೇಬರ ಮುಖ ಹಾಗೆಯೇ ನಿಂತಿತು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಹೋಗಿರಲಿಲ್ಲ.

"ಗೂಗಲ್‌ನಿಂದ… ಬಸ್ಸಾ?"

"ಹೌದ್ರೀ. ದೇವದುರ್ಗಕ್ಕ ಇಳಿತಾರ. ಕೃಷ್ಣಾ ದಂಡಿ ಮ್ಯಾಲಿನ ಊರ್ರೀ ಅದು, ಅಲ್ಲಮಪ್ರಭು ಗುಡಿ ಅದ. ನೀವು ಹುಡುಕೋ ಆ ಗೂಗಲ್ ಹುಟ್ಟಾಕಿಂತ ಮೊದ್ಲಿಂದ ಅದ. ನೀವು ಊರ ಅಳಿಸೀರಿ, ತಾಲ್ಲೂಕು ತನ್ನ ಊರ ಮರ್ತು ಕುಂತದ."

ಈ ಕೊನೆಯ ಮಾತುಗಳನ್ನು ಆಪಾ ಸಾಹೇಬರಿಗೇ ಅಂದರೋ, ಮೈಕ್ ಬಂದ್ ಮಾಡಿ ನನಗಂದರೋ… ನಾನು ಈ ಕಥೆ ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಆಪಾ ಸ್ವಲ್ಪ ಹೆಚ್ಚು ಧೈರ್ಯವಂತರಾಗುತ್ತಾ ಹೋಗಿದ್ದಾರೆ. "ಬಸ್ಸಿನ್ಯಾಗ ಬರ್ತಾರ" ಎಂದದ್ದು ಮಾತ್ರ ಖರೆ. ಅದನ್ನು ಕಟ್ಟಿಕೊಳ್ಳುವಷ್ಟು ಬುದ್ಧಿ ನನಗಿಲ್ಲ.

ಊರು ಅಳಿದಾಗ ಆ ದೂರುಗಳಿಗೆ ತಾಲ್ಲೂಕೂ ಇಲ್ಲದಾಗಿತ್ತು. ಊರನ್ನು ಊರಿನ ಜಾಗಕ್ಕೆ ಮರಳಿಸಿದಾಗ ದೇವದುರ್ಗದ ಲೆಕ್ಕ ಮೇಲೆದ್ದಿತು, ಆ ವ್ಯಾನು ಉಳಿಯಿತು. ಅಂದರೆ ಮಾನ್ವಿಯದು ಹೋಯಿತು. ಇನ್ನು ಒಂದೇ ವ್ಯಾನು ದೇವದುರ್ಗದಲ್ಲಿ ನಿಂತು ಎರಡೂ ತಾಲ್ಲೂಕು ನೋಡಿಕೊಳ್ಳಬೇಕು ಎಂದು ಆದೇಶ ಬಂತು. ಆಪಾ ಸ್ವಂತ ತಾಲ್ಲೂಕಿನ ಗಾಡಿಯನ್ನೇ ಕಳೆದುಕೊಂಡಿದ್ದರು.

ಕೆಲವು ದಿನಗಳಾದ ಮೇಲೆ ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಹೊಲ ಮಾಡಿಸುತ್ತಿದ್ದ ಅವರ ಅಣ್ಣನ ಪಂಪು ಕೆಟ್ಟಿತು. ವ್ಯಾನು ಎಲ್ಲಿದೆ ಎಂದು ಅಣ್ಣ ಫೋನು ಮಾಡಿದರು. ಆಪಾ ತಗ್ಗಿದ ದನಿಯಲ್ಲಿ, "ಗೂಗಲ್ ಮೇ ಹೈ ಭಾಯಿ," ಗೂಗಲ್‌ನಲ್ಲಿದೆ ಅಣ್ಣಾ, ಎಂದರು. ಅಣ್ಣ ಕೂಗಿದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು: "ತೋ ಮೇರಾ ಪಂಪ್ ಭೀ ಉಸೀಚ್ ಮೇ ಢೂಂಡ್ ಲೇ!" ನನ್ನ ಪಂಪನ್ನೂ ಅದರಲ್ಲೇ ಹುಡುಕಿಕೋ ಎಂದು. ಆಪಾ ಫೋನಿಟ್ಟು ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ನಾನು ನೀರು ತಂದರೆ, ನಗು ತಡೆಯಲಾಗದೆ ಕೆಮ್ಮುತ್ತಿದ್ದರು. "ನೀರು ಅಣ್ಣಗ ಕಳಸು ತಮ್ಮಾ, ಹೊಲಕ್ಕ ಬೇಕಂತ," ಎಂದರು.

ಮುಂದೆ ನಾನು ಬೇರೆ ಕೆಲಸಕ್ಕೆ ಹೋದೆ. ಹೊರಟ ದಿನ ಆಪಾ ಸಣ್ಣ ಕಣ್ಣಿನ ಜರಡಿಯನ್ನು ತಾವಿಟ್ಟುಕೊಂಡು, "ನಿನಗ ದೊಡ್ಡದ ಇರ್ಲಿ, ಸೂಕ್ಷ್ಮ ನಿನ್ನ ಕಡೆ ಆಗಂಗಿಲ್ಲ," ಎಂದರು. ಹಾಗಿದ್ದರೆ ಕೊಟ್ಟದ್ದೇ ಇರಬೇಕು… ಹೋದ ವರ್ಷ, ಮಳೆಗಾಲದ ಮೊದಲು, ಆಪಾ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ಮಣ್ಣು ಮಾಡಿದ್ದು ಮಾನ್ವಿಯಲ್ಲಿ.

ಇವತ್ತು ಸಂಜೆ ಜರಡಿಯನ್ನು ಚೀಲದಲ್ಲಿಟ್ಟುಕೊಂಡು ಪಾತ್ರೆ ಅಂಗಡಿಗೆ ಹೋದೆ. ಇದರೊಳಗೆ ಕೂರುವಂಥ ಸಣ್ಣ ಕಣ್ಣಿನದೊಂದು ಬೇಕು ಎಂದೆ. ಅಂಗಡಿಯವರು ಒಂದಾದ ಮೇಲೊಂದು ಇಟ್ಟು ನೋಡಿದರು. ಒಂದು ಒಳಗೆ ಬಿತ್ತು, ಒಂದು ಮೇಲೆಯೇ ನಿಂತಿತು, ಯಾವುದೂ ಹೊಂದಲಿಲ್ಲ.

"ಇದರ ಜೋಡಿ ಎಲ್ಲದರೀ?" ಎಂದು ಕೇಳಿದರು.

"ಮಾನ್ವ್ಯಾಗ ಅದರೀ," ಎಂದೆ.

"ಹತ್ರನ ಆತಲ್ರೀ. ಬಸ್ ಅವ, ಹೋಗಿ ತರ್ರಿ."