ಅಣ್ಣನ ಎಡಗಣ್ಣು

ಮೊನ್ನೆ ಮೊಮ್ಮಗಳು ಪೂಜೆಗೆಂದು ಕಿತ್ತು ತಂದ ನಂದಿಬಟ್ಟಲ ಹೂವು ಬುಟ್ಟಿಯಲ್ಲೇ ಬಾಡಿತ್ತು. ಎಸೆಯಲು ಹೋಗಿ ಹಿಡಿಯಲ್ಲಿ ಹಿಸುಕಿದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅಣ್ಣ ನೆನಪಾದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಾಮಸಮುದ್ರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಕೆಜಿಎಫ್‌ನ ಗಣಿ ಕೂಲಿಗಳ ಲೈನಿಗೆ ಬಂದಿದ್ದೆ. ತಟ್ಟಿ ಗೋಡೆ, ತಗಡಿನ ಸೂರು, ಸುತ್ತಲೂ ತಮಿಳು. ನನ್ನ ಮಾತಿಗೆ ಸಿಗುತ್ತಿದ್ದವರು ಎದುರುಮನೆಯ ಅಣ್ಣ, ನಾನು ಅಕ್ಕ ಎನ್ನುತ್ತಿದ್ದ ಅವರ ಹೆಂಡತಿ, ಇಬ್ಬರೇ.

ಗಣಿಯೊಳಗೆ ಒಂದು ದಿನ ಕಲ್ಲು ಕುಸಿದು ಅಣ್ಣನ ತಲೆಯ ಹಿಂಭಾಗಕ್ಕೆ, ಬಲಗಡೆಗೆ ಬಿತ್ತು. ಗಾಯವೇನೋ ಒಣಗಿತು. ಆದರೆ ಎಡಗಡೆಯ ಲೋಕವೇ ಅವರ ಪಾಲಿಗೆ ಇಲ್ಲವಾಯಿತು. ಎಡಭುಜ ಬಾಗಿಲಿಗೆ ಬಡಿಯುತ್ತಿತ್ತು. ತಟ್ಟೆಯ ಎಡಕ್ಕಿದ್ದ ಪಲ್ಯ ಕಾಣದೆ "ಪಲ್ಯ ಇಕ್ಲೇ ಇಲ್ವಲ್ಲೇ" ಎಂದು ರೇಗುತ್ತಿದ್ದರು. ಅಕ್ಕ ತಟ್ಟೆ ತಿರುಗಿಸಿಡುತ್ತಿದ್ದಳು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಎರಡು ಕಣ್ಣೂ ಚೆನ್ನಾಗಿವೆ, ಕೆಲಸಕ್ಕೆ ಹೋಗಬಹುದು ಎಂದರು.

ಕೆಳಗೆ ಅದಿರು ತುಂಬಿದ ಟ್ರಾಲಿ ಎಡದಿಂದ ಬಂದರೆ ಅಣ್ಣನಿಗೆ ಕಾಣದು. ಎರಡು ಸಲ ಜೊತೆಯವರು ಎಳೆದು ಉಳಿಸಿದ್ದರು. ಹೇಳಿಕೊಂಡರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಗಣಿಯವರು ಕೊಟ್ಟ ಲೈನಿನ ಮನೆಯೂ. ಹೇಳದಿದ್ದರೆ ಜೀವವೇ ಹೋಗುತ್ತದೆ...

ನನಗೋ ಏಳನೇ ಕ್ಲಾಸು ಓದಿದ ಜಂಭ. "ಎಡಗಣ್ಣು ಮುಚ್ಚಿ ನೋಡಣ್ಣ" ಎಂದೆ.

"ಮುಚ್ಚಿದ್ರೂ ಅಷ್ಟೇ ಕಾಣ್ತೈತೆ ಕಣಮ್ಮ, ತೆಗುದ್ರೂ ಅಷ್ಟೇ."

"ಅಂಗಾರೆ ಆ ಕಣ್ಣು ಓಗೈತೆ. ನಮ್ಮೂರಾಗೆ ಒಂದಜ್ಜಿ ಮದ್ದು ಆಕ್ತೈತೆ. ಓಗಾನ ಬಾ."

ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಬಸ್ಸು ಹಿಡಿದು ಹೋದೆವು. ಅಜ್ಜಿ ನಂದಿಬಟ್ಟಲ ಹೂವಿನ ರಸದಲ್ಲಿ ಅದೇನೋ ಬೇರು ತೇಯ್ದು ಎಡಗಣ್ಣಿಗೆ ಹಿಂಡಿದಳು. ತಲೆ ಅಲುಗದಂತೆ ಹಿಡಿದುಕೊಂಡವಳು ನಾನೇ. "ಉರೀತೈತೆ, ಬುಟ್ಬುಡಮ್ಮ" ಎಂದು ಅಣ್ಣ ಕೂಗಿದರು. ಉರಿದರೇ ಮದ್ದು ಹತ್ತಿದ ಹಾಗೆ ಎಂದು ಇನ್ನೂ ಬಿಗಿಯಾಗಿ ಹಿಡಿದೆ.

ಮೂರು ವಾರದಲ್ಲಿ ಕಣ್ಣು ಕೀವಾಗಿ, ಕೊನೆಗೆ ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಯಿತು.

ಒಂದು ಸಂಜೆ ಅಣ್ಣನೂ ನಾನೂ ಬಾಗಿಲಲ್ಲಿ ಕೂತಿದ್ದೆವು. ನಮ್ಮ ಮುಂದೆ, ತುಸು ಎಡಕ್ಕೆ, ಅಕ್ಕ ರಾಗಿ ಕೇರುತ್ತಿದ್ದಳು. ಅಣ್ಣ ಏನೋ ಯೋಚಿಸಿ, "ನೀನೂ ಒಂದ್ಸಲ ಎಡಗಣ್ಣು ಮುಚ್ಚಮ್ಮ. ತಲೆ ತಿರುಗಿಸ್ಬ್ಯಾಡ. ಅಕ್ಕ ಕಾಣ್ತಾಳಾ?" ಎಂದರು.

ಮುಚ್ಚಿದೆ. ಅಕ್ಕ ಕಾಣುತ್ತಿದ್ದಳು. ಮೊರ, ಹಾರುವ ಹೊಟ್ಟು, ಎಲ್ಲ ಕಾಣುತ್ತಿತ್ತು. ಒಂದು ಕಣ್ಣು ಹೋದ ಮಾತ್ರಕ್ಕೆ ಒಂದು ಕಡೆಯೇ ಹೋಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಹಾಗಾದರೆ ಮದ್ದು ಹಿಂಡುವ ತನಕ ಅಣ್ಣನ ಆ ಕಣ್ಣು ಚೆನ್ನಾಗಿಯೇ ಇತ್ತು.

"ಇಲ್ಲಣ್ಣ, ಕಾಣಾಕಿಲ್ಲ" ಎಂದೆ.

"ಅಂಗಾರೆ ಸರಿ. ಅದು ಮೊದ್ಲೇ ಓಗಿತ್ತು ಬುಡು" ಎಂದರು ಅಣ್ಣ. ನನ್ನನ್ನೇ ಸಮಾಧಾನ ಮಾಡಿದಂತಿತ್ತು.

ಬಿಳಿಗಣ್ಣು ನೋಡಿದ ಮೇಲೆ ಗಣಿಯವರು ಹೆಸರು ಹೊಡೆದುಹಾಕಿದರು. ಮನೆ ಬಿಡಬೇಕಾಯಿತು. ರೈಲು ಹತ್ತುವ ದಿನ ಸ್ಟೇಷನ್ನಿನಲ್ಲಿ ನಾನು ಅಣ್ಣನ ಎಡಗಡೆಗೇ ನಿಂತೆ. "ಎದುರುಮನೆ ಅಮ್ಮಯ್ಯ ಬರ್ನಿಲ್ವೇನೇ?" ಎಂದು ಅಕ್ಕನನ್ನು ಕೇಳುತ್ತಿದ್ದರು... ಆಮೇಲೆ ಅವರ ಸುದ್ದಿ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ನನ್ನ ಕಣ್ಣಿನ ಪೊರೆಗೆಂದು ಹೋದಾಗ, ಯಾರದೋ ಕಥೆ ಎಂಬಂತೆ ಡಾಕ್ಟರಮ್ಮನನ್ನು ಕೇಳಿದೆ. ಎರಡು ಕಣ್ಣೂ ಎರಡು ಕಡೆಯನ್ನೂ ನೋಡುತ್ತವಂತೆ. ಆದರೆ ಎಡಗಡೆ ಕಂಡದ್ದೆಲ್ಲ ಬಲಮಿದುಳಿಗೆ, ಬಲಗಡೆ ಕಂಡದ್ದೆಲ್ಲ ಎಡಮಿದುಳಿಗೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ. ಬಲಮಿದುಳಿನ ಹಿಂಭಾಗಕ್ಕೆ ಪೆಟ್ಟಾದರೆ ಎರಡು ಕಣ್ಣಲ್ಲೂ ಎಡಗಡೆಯ ನೋಟ ಹೋಗುತ್ತದೆ, ಕಣ್ಣು ಮಾತ್ರ ಚೆನ್ನಾಗಿಯೇ ಇರುತ್ತದೆ ಎಂದರು. ಮದ್ದಿತ್ತೇ ಎಂದು ಕೇಳಿದೆ. ಆಗ ಇರಲಿಲ್ಲ, ಈಗಲೂ ಹೆಚ್ಚೇನಿಲ್ಲ ಎಂದರು.

ಅಣ್ಣ ಈಗ ಬದುಕಿರಲಾರರು. ಬದುಕಿದ್ದು ಎದುರು ಸಿಕ್ಕಿದರೂ, ಅಂದು ಅಕ್ಕ ಕಾಣುತ್ತಿದ್ದಳು ಎಂದು ನಾನು ಹೇಳುತ್ತಿದ್ದೆನೇ? ಇಲ್ಲ, ಹೇಳುತ್ತಿರಲಿಲ್ಲ.